ಹಳೆಯ ಪಿಸ್ತೂಲಿನ ಮೈ ಓದುವ ಬಗೆ

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋದವರು ನೀವಾಗಿದ್ದರೆ ಒಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ರಾಶಿಯಲ್ಲಿ ಬಾದಾಮಿ ಯಾವುದು, ರಸಪುರಿ ಯಾವುದು ಎಂದು ಹೇಳಲು ಅಲ್ಲಿನ ಅನುಭವಸ್ಥರು ಬಣ್ಣವನ್ನು ನೆಚ್ಚುವುದಿಲ್ಲ. ಕಾಯಿ ಹಣ್ಣಾದಂತೆ ಬಣ್ಣ ಬದಲಾಗುತ್ತದೆ. ಅವರು ನೋಡುವುದು ತೊಟ್ಟಿನ ಬಳಿಯ ಉಬ್ಬು, ತುದಿಯ ಕೊಕ್ಕು, ಒಟ್ಟು ಮೈಯ ಆಕಾರ. ಹಳೆಯ ಪಿಸ್ತೂಲುಗಳನ್ನು ಗುರುತಿಸುವ ವಿದ್ಯೆಗೂ ಬೇಕಾಗಿರುವುದು ಇದೇ ಕಣ್ಣು. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ನೀವು ಪಿಸ್ತೂಲನ್ನು ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಕ್ಕಿಲ್ಲ. ಅದರಿಂದ ತೊಂದರೆಯೇನೂ ಇಲ್ಲ. ಈ ಪಾಠಕ್ಕೆ ಆಯುಧ ಕೈಯಲ್ಲಿರಬೇಕಾಗಿಲ್ಲ, ಒಳ್ಳೆಯ ಚಿತ್ರಗಳೂ ತಾಳ್ಮೆಯೂ ಇದ್ದರೆ ಸಾಕು.

ಮೊದಲು ‘ಸೆಮಿ ಆಟೊಮ್ಯಾಟಿಕ್’ ಅಂದರೆ ಏನು ಎಂದು ತಿಳಿಯೋಣ. ಟ್ರಿಗರ್ ಎಂಬುದು ಬೆರಳಿನಿಂದ ಎಳೆಯುವ ಕೊಂಡಿ. ಅದನ್ನು ಒಮ್ಮೆ ಎಳೆದರೆ ಒಂದು ಗುಂಡು ಹಾರುತ್ತದೆ. ಹಾರುವಾಗ ಹುಟ್ಟುವ ಹಿಂದೊತ್ತಿನ ಬಲದಿಂದಲೇ ಪಿಸ್ತೂಲು ಖಾಲಿ ತೋಟಾವನ್ನು ಹೊರಗೆಸೆದು, ಮುಂದಿನ ತೋಟಾವನ್ನು ತಾನಾಗಿಯೇ ತುಂಬಿಕೊಳ್ಳುತ್ತದೆ. ಎರಡನೆಯ ಗುಂಡಿಗೆ ಟ್ರಿಗರನ್ನು ಮತ್ತೆ ಎಳೆಯಬೇಕು. ತುಂಬುವ ಕೆಲಸ ಯಂತ್ರದ್ದು, ಹಾರಿಸುವ ನಿರ್ಧಾರ ಪ್ರತಿ ಸಲವೂ ಕೈಯದ್ದು. ಆದ್ದರಿಂದಲೇ ‘ಅರೆ’ ಎಂಬ ವಿಶೇಷಣ. ರಿವಾಲ್ವರ್ ಹೀಗಲ್ಲ. ಅದರಲ್ಲಿ ತೋಟಾಗಳಿರುವ ಉರುಳೆ ಸುತ್ತುತ್ತದೆ, ಖಾಲಿ ತೋಟಾ ಅಲ್ಲಿಯೇ ಉಳಿಯುತ್ತದೆ.

ಇನ್ನು ಭಾಗಗಳು. ಸದ್ಯಕ್ಕೆ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ. ಗುಂಡು ಸಾಗುವ ಕೊಳವೆ ಬ್ಯಾರಲ್. ಅದರ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಕವಚ ಸ್ಲೈಡ್. ತೋಟಾಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಪೆಟ್ಟಿಗೆ ಮ್ಯಾಗಜಿನ್. ಇವೆಲ್ಲವನ್ನೂ ಹೊತ್ತು ನಿಲ್ಲುವ, ಕೈಹಿಡಿಯೂ ಟ್ರಿಗರಿನ ಸುತ್ತಲಿನ ಬಳೆಯೂ ಸೇರಿದ ಮೂಲ ಮೈ ಫ್ರೇಮ್. ಕೈಹಿಡಿಯ ಎರಡು ಬದಿಗೆ ತಿರುಪಿನಿಂದ ಕೂರಿಸಿದ ಮರದ ಅಥವಾ ಗಟ್ಟಿ ರಬ್ಬರಿನ ಹಲಗೆಗಳು ಫ್ರೇಮಿನ ಭಾಗವಲ್ಲ, ಅವು ಅದರ ಮೇಲಿನ ಹೊದಿಕೆ ಮಾತ್ರ. ಹೊಸಬರು ಮೊದಲು ಸೋಲುವುದು ಈ ಹಲಗೆಗಳಿಗೇ. ಅವುಗಳ ಮೇಲಿನ ಕುದುರೆಯ ಚಿತ್ರವೋ ಅಕ್ಷರವೋ ಕಣ್ಣು ಸೆಳೆಯುತ್ತದೆ. ಆದರೆ ಒಂದು ತಿರುಪು ಬಿಚ್ಚಿದರೆ ಹಲಗೆ ಬದಲಾಯಿತು!

ನಾನು ಕಲಿಸುವ ಸೂತ್ರ ಇಷ್ಟೇ: ಬಿಚ್ಚಿ ಬದಲಿಸಬಹುದಾದದ್ದನ್ನು ಕೊನೆಗೆ ನಂಬಿ, ಮೈಯ ಲೋಹವನ್ನೇ ಕೊರೆದು ಮಾಡಿದ್ದನ್ನು ಮೊದಲು ನಂಬಿ. ಮುಂದಿನದೆಲ್ಲ ಇದರ ಅಭ್ಯಾಸ.

ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳಿಗೆ ಹೋಗುವ ಮೊದಲು ನಮ್ಮ ನೆಲದ ಹಳೆಯ ಪಿಸ್ತೂಲುಗಳ ಬಳಿ ಸ್ವಲ್ಪ ನಿಲ್ಲುವುದು ಒಳ್ಳೆಯದು. ಹೈದರ್ ಅಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ, ಅವನ ತಂದೆ ಫತೇಹ್ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. 1768ರ ಅಕ್ಟೋಬರಿನಲ್ಲಿ ಹೈದರನ ದಂಡು ಕರ್ನಲ್ ವುಡ್‌ನ ಇಂಗ್ಲಿಷ್ ಪಡೆಯನ್ನು ಎದುರಿಸಿದ್ದು ಮುಳಬಾಗಿಲ ಬಂಡೆಗಳ ನಡುವೆ. ಹೈದರನ ಮಗ ಟಿಪ್ಪುವಿನ ಕಾಲಕ್ಕೆ ಮೈಸೂರಿನ ಕಾರ್ಖಾನೆಗಳಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ ಕೋವಿಗಳೂ ಪಿಸ್ತೂಲುಗಳೂ ತಯಾರಾಗುತ್ತಿದ್ದವು. ಅವುಗಳ ಮೈ ಮರದ್ದು. ಲೋಹದ ನಳಿಕೆ ಮತ್ತು ಕಿಡಿ ಹೊತ್ತಿಸುವ ಯಂತ್ರವನ್ನು ಆ ಮರದೊಳಗೆ ತೋಡಿ ಕೂರಿಸುತ್ತಿದ್ದರು. ಟಿಪ್ಪುವಿನ ಸ್ವಂತ ಆಯುಧಗಳಲ್ಲಿ ‘ಬಬ್ರಿ’ ಎಂಬ ಹುಲಿಪಟ್ಟೆ ಗುರುತು ಎದ್ದು ಕಾಣುತ್ತದೆ. ತಯಾರಾದ ವರ್ಷವನ್ನು ಅವನೇ ಜಾರಿಗೆ ತಂದ ಮೌಲೂದಿ ಗಣನೆಯಲ್ಲಿ ಬರೆದಿರುತ್ತಾರೆ. ಆ ಗಣನೆಯ 1215ನೆಯ ವರ್ಷ ನಮ್ಮ ಲೆಕ್ಕಕ್ಕೆ 1787ರ ಸುಮಾರಿನದು. ಅವನ ನಾಣ್ಯಗಳಲ್ಲಿ ಈ ಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದವರು ವರ್ಷವನ್ನು ತಿರುಗುಮುರುಗಾಗಿ ಓದಿಬಿಡುತ್ತಾರೆ. ಜೋಡಿ ಪಿಸ್ತೂಲುಗಳಲ್ಲಿ ಒಂದಕ್ಕೆ ಬಲಬದಿಯಲ್ಲಿ, ಇನ್ನೊಂದಕ್ಕೆ ಎಡಬದಿಯಲ್ಲಿ ಕಿಡಿಯಂತ್ರ ಇರುವುದೂ ಉಂಟು. ಎಡಬದಿಯ ಯಂತ್ರಕ್ಕಾಗಿ ತೋಡಿದ ಮರದ ಮೈಯಲ್ಲಿ ಬಲಬದಿಯ ಯಂತ್ರ ಕೂರುವುದಿಲ್ಲ. ನೋಡಿ, ಮೈಯಲ್ಲಿ ತೋಡಿದ್ದು ಇಲ್ಲಿಯೂ ಸುಳ್ಳು ಹೇಳದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಆಯುಧಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು. ಅವುಗಳನ್ನು ಜೀವಮಾನವಿಡೀ ಕೂಡಿಸಿ, ಅಭ್ಯಾಸ ಮಾಡಿ ಪುಸ್ತಕವನ್ನೂ ಬರೆದ ರಾಬಿನ್ ವಿಗಿಂಗ್ಟನ್ ಅವರ ಸಂಗ್ರಹ 2005ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು.

ಸುಮಾರು ನೂರು ವರ್ಷ ದಾಟೋಣ. ಈಗ ಮೈ ಮರದ್ದಲ್ಲ, ಉಕ್ಕಿನದು. ಮರದ ಮೈಯನ್ನು ಒಬ್ಬ ಕುಶಲಕರ್ಮಿ ಕೆತ್ತುತ್ತಿದ್ದ, ಉಕ್ಕಿನ ಫ್ರೇಮನ್ನು ಕಾರ್ಖಾನೆ ಸಾವಿರಗಟ್ಟಲೆ ಕೊರೆಯುತ್ತದೆ. ಹಾಗಾಗಿ ಒಂದು ಫ್ರೇಮಿನಲ್ಲಿ ಕಾಣುವ ವ್ಯತ್ಯಾಸ ಒಬ್ಬನ ಕೈಚಳಕದ ಗುರುತಲ್ಲ. ಕಾರ್ಖಾನೆ ಯಾವುದೋ ಕಾರಣಕ್ಕೆ ತೆಗೆದುಕೊಂಡ ತೀರ್ಮಾನದ ಗುರುತು. ಆ ಕಾರಣ ಕೇಳುವುದನ್ನು ರೂಢಿ ಮಾಡಿಕೊಳ್ಳಿ, ವ್ಯತ್ಯಾಸಗಳು ತಾವಾಗಿ ನೆನಪಿನಲ್ಲಿ ಉಳಿಯುತ್ತವೆ.

ಉದಾಹರಣೆಗೆ ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ, ಅಲ್ಲಿನ ಸೇನೆ 1911ರಲ್ಲಿ ಒಪ್ಪಿಕೊಂಡ .45 (ಅಂಗುಲದಲ್ಲಿ ಗುಂಡಿನ ಅಳತೆ) ಪಿಸ್ತೂಲು. ಅದರ ಹೆಸರೇ ‘1911’. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನಿಕರ ದೂರುಗಳು ಬಂದವು. ಚಿಕ್ಕ ಕೈಯವರಿಗೆ ಟ್ರಿಗರ್ ಎಟುಕುತ್ತಿರಲಿಲ್ಲ. ಕೆಲವರಿಗೆ ಹ್ಯಾಮರ್ (ತೋಟಾದ ಹಿಂಬದಿಯ ಸೂಜಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಹಿಂದಕ್ಕೆ ಬಂದಾಗ ಹೆಬ್ಬೆರಳಿನ ಬುಡದ ಚರ್ಮ ಕಚ್ಚುತ್ತಿತ್ತು. ಇದಕ್ಕೆ ಮಾಡಿದ ತಿದ್ದುಪಡಿಗಳೆಲ್ಲ ಸೇರಿ 1926ರಲ್ಲಿ ‘1911ಎ1’ ಎಂಬ ಹೆಸರು ಬಂತು. ಟ್ರಿಗರನ್ನು ಗಿಡ್ಡ ಮಾಡಿದರು. ಕೈಹಿಡಿಯ ಹಿಂಬದಿಯ ತುಂಡನ್ನು ಉಬ್ಬಿಸಿದರು. ಹ್ಯಾಮರಿನ ಕೆಳಗಿನ ಬಾಲವನ್ನು ಉದ್ದ ಮಾಡಿದರು. ಜೊತೆಗೆ ಫ್ರೇಮಿನಲ್ಲಿ, ಟ್ರಿಗರಿನ ಹಿಂದೆ, ಎರಡೂ ಬದಿಗೆ ಅರ್ಧಚಂದ್ರಾಕಾರದ ತಗ್ಗು ಕೊರೆದರು. ಬೆರಳು ಸುಲಭವಾಗಿ ಒಳಬರಲಿ ಎಂಬುದು ಅದರ ಉದ್ದೇಶ.

ಈಗ ನಮ್ಮ ಸೂತ್ರವನ್ನು ಪ್ರಯೋಗಿಸಿ. ಟ್ರಿಗರ್, ಹಿಂಬದಿಯ ತುಂಡು, ಬಾಲ ಮೂರೂ ಬಿಡಿಭಾಗಗಳು. ಸೇನೆಯ ದುರಸ್ತಿ ಕಾರ್ಖಾನೆಗಳಲ್ಲಿ ಹಳೆಯ ಪಿಸ್ತೂಲಿಗೆ ಹೊಸ ಬಿಡಿಭಾಗ ಕೂರಿಸುವುದು ಸಾಮಾನ್ಯವಾಗಿತ್ತು. ಆದ್ದರಿಂದ ಉಬ್ಬಿದ ಹಿಂಬದಿ ಕಂಡ ಮಾತ್ರಕ್ಕೆ ‘ಇದು ಎ1’ ಎನ್ನಬೇಡಿ. ಅರ್ಧಚಂದ್ರದ ತಗ್ಗು ಇದೆಯೇ ನೋಡಿ. ಅದು ಫ್ರೇಮಿನ ಲೋಹವನ್ನು ಕೊರೆದು ತೆಗೆದ ಜಾಗ. ತಗ್ಗಿಲ್ಲದೆ ಉಬ್ಬು ಮಾತ್ರ ಇದ್ದರೆ, ನೀವು ನೋಡುತ್ತಿರುವುದು ಹೊಸ ತುಂಡು ತೊಟ್ಟ ಹಳೆಯ ಫ್ರೇಮ್ ಇರಬಹುದು.

ಎರಡನೆಯ ಉದಾಹರಣೆ ಜರ್ಮನಿಯ ಮೌಸರ್ ಸಿ96. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮ್ಯಾಗಜಿನ್ ಕೈಹಿಡಿಯೊಳಗಿಲ್ಲ, ಟ್ರಿಗರಿನ ಮುಂದೆ ಪೆಟ್ಟಿಗೆಯಂತೆ ಇಳಿಬಿದ್ದಿರುತ್ತದೆ. ಕೈಹಿಡಿ ತೆಳ್ಳಗೆ, ದುಂಡಗೆ. ಹಿಡಿಯ ಹಲಗೆಗಳ ತಿರುಪೊಂದನ್ನು ಬಿಟ್ಟರೆ ಇಡೀ ಪಿಸ್ತೂಲಿನಲ್ಲಿ ತಿರುಪೇ ಇಲ್ಲ, ಎಲ್ಲವೂ ಒಂದರೊಳಗೊಂದು ಕೂಡಿಕೊಳ್ಳುವ ಹಾಗೆ ರೂಪಿಸಿದ್ದಾರೆ. ನನ್ನ ಮಟ್ಟಿಗೆ ಯಂತ್ರಕೌಶಲದಲ್ಲಿ ಇದಕ್ಕೆ ಸಾಟಿ ಕಡಿಮೆ. ಫ್ರೇಮಿನ ಪಕ್ಕಗಳನ್ನು ಗಮನಿಸಿ. ಹೆಚ್ಚಿನವುಗಳಲ್ಲಿ ಆಯತಾಕಾರದ ತಗ್ಗುಗಳನ್ನು ಕೊರೆದಿರುತ್ತಾರೆ. 1900ರ ಆಸುಪಾಸಿನ ಕೆಲವು ತಯಾರಿಕೆಗಳಲ್ಲಿ ಮಾತ್ರ ಪಕ್ಕ ಚಪ್ಪಟೆ. ಇಷ್ಟರಿಂದಲೇ ಕಾಲ ಎಷ್ಟೋ ಕಿರಿದಾಗುತ್ತದೆ. ಹ್ಯಾಮರಿನ ಆಕಾರವೂ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಮೆಟ್ಟಿಲುಗಳಿದ್ದ ಶಂಕುವಿನ ಆಕಾರ, ಆಮೇಲೆ ದೊಡ್ಡ ಉಂಗುರ, ಅನಂತರ ಸಣ್ಣ ಉಂಗುರ. ಆದರೆ ಹ್ಯಾಮರ್ ಬಿಡಿಭಾಗ ಎಂಬುದು ನೆನಪಿರಲಿ. ಕೈಹಿಡಿಯ ಹಿಂಬದಿಯಲ್ಲಿ ಉದ್ದನೆಯ ಒಂದು ತೋಡು ಇರುತ್ತದೆ. ಪಿಸ್ತೂಲನ್ನು ಇಡುವ ಮರದ ಪೆಟ್ಟಿಗೆಯನ್ನೇ ಆ ತೋಡಿಗೆ ಸಿಕ್ಕಿಸಿದರೆ ಭುಜಕ್ಕೆ ಆನಿಸಿ ಹಾರಿಸುವ ಸಣ್ಣ ಕೋವಿ ಆಗುತ್ತಿತ್ತು.

ಹೀಗೆ ಭುಜಕ್ಕೆ ಆನಿಸಬಹುದಾದ ಈ ಪಿಸ್ತೂಲು ಬ್ರಿಟಿಷ್ ಸರ್ಕಾರವನ್ನು ಬಹಳ ಕಾಡಿತು. 1914ರ ಆಗಸ್ಟ್ 26ರಂದು ಕಲ್ಕತ್ತಾದ ಆಯುಧ ವ್ಯಾಪಾರಿ ರೋಡಾ ಕಂಪನಿಗೆ ಬಂದ 202 ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಬಿಡಿಸಿಕೊಂಡ ಅದರ ಗುಮಾಸ್ತ ಶ್ರೀಶ್‌ಚಂದ್ರ ಮಿತ್ರ, ಗೋದಾಮಿಗೆ ತಲುಪಿಸಿದ್ದು 192. ಉಳಿದ ಹತ್ತರಲ್ಲಿದ್ದ 50 ಮೌಸರ್ ಪಿಸ್ತೂಲು ಮತ್ತು 46,000 ತೋಟಾ ಬಂಗಾಳದ ಕ್ರಾಂತಿಕಾರಿಗಳ ಕೈ ಸೇರಿದವು. ಆದರೆ ಪ್ರತಿ ಪಿಸ್ತೂಲಿಗೂ ತಯಾರಕರು ಕೊಟ್ಟ ಸಂಖ್ಯೆ ಇತ್ತು, ಆ ಸಂಖ್ಯೆಗಳು ಕಂಪನಿಯ ದಫ್ತರದಲ್ಲಿದ್ದವು. ಮುಂದೆ ಎಲ್ಲಾದರೂ ಒಂದು ಮೌಸರ್ ಸಿಕ್ಕರೆ, ಅದು ಆ ಐವತ್ತರಲ್ಲಿ ಒಂದು ಹೌದೋ ಅಲ್ಲವೋ ಎಂದು ಪೊಲೀಸರು ಹೇಳಬಲ್ಲವರಾಗಿದ್ದರು. 1925ರ ಆಗಸ್ಟ್ 9ರಂದು ಕಾಕೋರಿಯಲ್ಲಿ ರೈಲು ತಡೆದ ಕ್ರಾಂತಿಕಾರಿಗಳ ಕೈಯಲ್ಲಿಯೂ ಮೌಸರ್ ಪಿಸ್ತೂಲುಗಳೇ ಇದ್ದವು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಪಿಸ್ತೂಲಿಗೆ ಬರೋಣ. ಅದು ಕೋಲ್ಟ್ ಕಂಪನಿಯ 1903ರ ಮಾದರಿ, .32 ಅಳತೆಯದು. ಇದನ್ನು ರೂಪಿಸಿದವರೂ ಬ್ರೌನಿಂಗ್ ಅವರೇ. ಸಣ್ಣದು, ಚಪ್ಪಟೆ, ಅಂಗಿಯ ಜೇಬಿಗೆ ಸಿಕ್ಕಿಕೊಳ್ಳುವ ಮೊನೆಗಳಿಲ್ಲದ್ದು. ‘ಹ್ಯಾಮರ್ ಇಲ್ಲದ್ದು’ ಎಂದು ಕಂಪನಿ ಮಾರಿತು. ವಾಸ್ತವದಲ್ಲಿ ಹ್ಯಾಮರ್ ಇದೆ, ಸ್ಲೈಡಿನ ಒಳಗೆ ಅಡಗಿದೆ ಅಷ್ಟೆ. ಕೈಹಿಡಿಯ ಹಿಂಬದಿಯಲ್ಲಿ ಒತ್ತುವ ಪಟ್ಟಿ ಇದೆ. ಅಂಗೈ ಅದನ್ನು ಒತ್ತಿ ಹಿಡಿಯದ ಹೊರತು ಗುಂಡು ಹಾರದು. ಇದು ಸುರಕ್ಷೆಯ ಏರ್ಪಾಡು. ಹೆಬ್ಬೆರಳಿನಿಂದ ಸರಿಸುವ ಇನ್ನೊಂದು ಸುರಕ್ಷೆಯ ಕೊಂಡಿ ಎಡಬದಿಯಲ್ಲಿದೆ. ಬ್ಯಾರಲಿನ ಅಡಿಯಲ್ಲಿರುವ ಏಣುಗಳು ಫ್ರೇಮಿನಲ್ಲಿ ಕೊರೆದ ತೋಡುಗಳಲ್ಲಿ ಕೂರುತ್ತವೆ, ಹೀಗಾಗಿ ಗುಂಡು ಹಾರುವಾಗ ಬ್ಯಾರಲ್ ಅಲುಗದೆ ಸ್ಲೈಡ್ ಮಾತ್ರ ಹಿಂದೆ ಸರಿಯುತ್ತದೆ.

ಈ ಮಾದರಿ ನಾಲ್ಕು ದಶಕಗಳಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಸಂಗ್ರಾಹಕರು ಅದನ್ನು ‘ಟೈಪ್’ ಎಂದು ಕರೆಯುವ ವಿಧಗಳಾಗಿ ವಿಂಗಡಿಸುತ್ತಾರೆ. ಮೊದಲ ವಿಧಕ್ಕೆ 4 ಅಂಗುಲದ ಬ್ಯಾರಲ್, ಅದರ ತುದಿಯನ್ನು ಸ್ಲೈಡಿನೊಳಗೆ ಹಿಡಿದಿಡಲು ಬುಷ್ ಎಂಬ ಪ್ರತ್ಯೇಕ ಉಂಗುರ. 1908ರಲ್ಲಿ, 72,000ನೆಯ ಸಂಖ್ಯೆಯಿಂದ, ಎರಡನೆಯ ವಿಧ. ಬ್ಯಾರಲ್ 3.75 ಅಂಗುಲಕ್ಕೆ ಇಳಿಯಿತು, ಬುಷ್ ಉಳಿಯಿತು. 1910ರಲ್ಲಿ, 1,05,051ನೆಯ ಸಂಖ್ಯೆಯಿಂದ, ಮೂರನೆಯ ವಿಧ. ಬುಷ್ ಹೋಯಿತು, ಸ್ಲೈಡಿನ ಮುಂತುದಿಯೇ ಬ್ಯಾರಲನ್ನು ಹಿಡಿಯತೊಡಗಿತು. ಒಂದು ಭಾಗ ಕಡಿಮೆಯಾದರೆ ಕಾರ್ಖಾನೆಗೆ ಅಷ್ಟು ಕೆಲಸ ಉಳಿಯಿತು. 1926ರಲ್ಲಿ, 4,68,097ನೆಯ ಸಂಖ್ಯೆಯಿಂದ, ನಾಲ್ಕನೆಯ ವಿಧ. ಮ್ಯಾಗಜಿನ್ ಹೊರತೆಗೆದಾಗ ಒಳಗೆ ಉಳಿದ ಗುಂಡು ಅಕಸ್ಮಾತ್ತಾಗಿ ಹಾರದಂತೆ ತಡೆ ಸೇರಿಸಿದರು. ಮ್ಯಾಗಜಿನ್ ತೆಗೆದ ಮೇಲೆ ಪಿಸ್ತೂಲು ಖಾಲಿ ಎಂದು ಜನ ತಪ್ಪು ತಿಳಿಯುತ್ತಿದ್ದದ್ದೇ ಇದಕ್ಕೆ ಕಾರಣ. ಅಮೆರಿಕದ ಸೇನೆಗೆಂದು ಮಾಡಿದ್ದನ್ನು ಐದನೆಯ ವಿಧ ಎನ್ನುತ್ತಾರೆ. ನಮಗೆ ಅದರ ಗೊಡವೆ ಬೇಡ.

ಈ ಅಂಕಿಗಳೆಲ್ಲ ಒಣ ಪಾಠ ಅನ್ನಿಸುತ್ತಿದ್ದರೆ ಒಂದು ಸಂಖ್ಯೆ ಕೊಡುತ್ತೇನೆ: 168896. ಇದು ಭಗತ್ ಸಿಂಗ್ ಅವರ ಕೋಲ್ಟ್ ಪಿಸ್ತೂಲಿನ ಸಂಖ್ಯೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್‌ನ ಮೇಲೆ ಗುಂಡು ಹಾರಿಸಿದ ಪಿಸ್ತೂಲು ಅದು. ಪಂಜಾಬಿನ ಫಿಲ್ಲೌರಿನ ಪೊಲೀಸ್ ತರಬೇತಿ ಕೇಂದ್ರದಲ್ಲಿದ್ದದ್ದು 1969ರಲ್ಲಿ ಇತರ ಆಯುಧಗಳ ಜೊತೆ ಇಂದೋರಿನ ಗಡಿ ಭದ್ರತಾ ಪಡೆಯ ಶಸ್ತ್ರಶಾಲೆಗೆ ಹೋಯಿತು. ಅಲ್ಲಿ ಅದು ಹಳೆಯ ಆಯುಧಗಳ ಸಾಲಿನಲ್ಲಿ, ತುಕ್ಕು ಹಿಡಿಯದಿರಲೆಂದು ಬಳಿದ ಕಪ್ಪು ಬಣ್ಣದಡಿ, ಯಾರದೆಂಬ ಗುರುತಿಲ್ಲದೆ ದಶಕಗಟ್ಟಲೆ ಉಳಿಯಿತು. ಆ ಬಣ್ಣವನ್ನು ಕೆರೆದಾಗ ಸಂಖ್ಯೆ ಕಾಣಿಸಿತು. ಲಾಹೋರಿನ ಮೊಕದ್ದಮೆಯ ದಾಖಲೆಯಲ್ಲಿದ್ದ ಸಂಖ್ಯೆಯೂ ಅದೇ. 2017ರಲ್ಲಿ ಪಿಸ್ತೂಲನ್ನು ಪಂಜಾಬಿನ ಹುಸೇನಿವಾಲಾಕ್ಕೆ ಕಳಿಸಿದರು.

ಈಗ ನೀವೇ ಲೆಕ್ಕ ಹಾಕಿ. 1,68,896 ಎಂಬುದು 1,05,051ಕ್ಕಿಂತ ಹೆಚ್ಚು, 4,68,097ಕ್ಕಿಂತ ಕಡಿಮೆ. ಎಂದರೆ ಮೂರನೆಯ ವಿಧ. ಪಿಸ್ತೂಲನ್ನು ನೋಡದೆಯೇ ಅದರ ಬ್ಯಾರಲ್ 3.75 ಅಂಗುಲ, ಬಾಯಿಯಲ್ಲಿ ಪ್ರತ್ಯೇಕ ಉಂಗುರವಿಲ್ಲ, ಮ್ಯಾಗಜಿನ್ ತಡೆಯಿಲ್ಲ, ತಯಾರಾದದ್ದು 1910 ಮತ್ತು 1926ರ ನಡುವೆ ಎಂದು ನೀವು ಹೇಳಬಲ್ಲಿರಿ. ಯಾರಾದರೂ ಇದೇ ಸಂಖ್ಯೆಯ ಪಿಸ್ತೂಲೆಂದು ತೋರಿಸಿದ್ದಕ್ಕೆ ಬಾಯಿಯಲ್ಲಿ ಉಂಗುರ ಇದ್ದರೆ? ಸಂಖ್ಯೆಗೂ ಮೈಗೂ ಜಗಳವಿದೆ ಎಂದು ತಿಳಿಯಬೇಕು. ಸ್ಲೈಡ್ ಬೇರೆಯದಿರಬಹುದು, ಅಥವಾ ಸಂಖ್ಯೆಯೇ ತಿದ್ದಿದ್ದಿರಬಹುದು. ಈ ಮಾದರಿಯಲ್ಲಿ ಸಂಖ್ಯೆ ಇರುವುದು ಫ್ರೇಮಿನ ಎಡಬದಿಯಲ್ಲಿ.

ಸಂಖ್ಯೆ ತಿದ್ದಿದ್ದನ್ನು ಹೇಗೆ ಹಿಡಿಯುವುದು ಎಂದು ನೀವು ಕೇಳಬೇಕು. ಕಾರ್ಖಾನೆಯ ಅಚ್ಚಿನ ಅಂಕಿಗಳು ಒಂದೇ ಆಳ, ಒಂದೇ ಸಾಲು, ಅಂಚುಗಳು ಚೂಪು. ಉಜ್ಜಿ ಮತ್ತೆ ಹೊಳಪು ಕೊಟ್ಟ ಮೈಯಲ್ಲಿ ಅಂಚುಗಳು ಕರಗಿದಂತೆ ಕಾಣುತ್ತವೆ, ಅಂಕಿಯ ಸುತ್ತಲಿನ ಲೋಹ ಸ್ವಲ್ಪ ತಗ್ಗಿರುತ್ತದೆ. ಫ್ರೇಮಿನ ಸಮತಟ್ಟಾದ ಪಕ್ಕ ಬೆಳಕಿಗೆ ಹಿಡಿದಾಗ ಅಲೆಯಲೆಯಾಗಿ ಮಿನುಗಿದರೂ ಅನುಮಾನಿಸಿ. ನಮ್ಮ ಉಪಖಂಡದಲ್ಲಿ ನಕಲುಗಳ ದೊಡ್ಡ ಪರಂಪರೆಯೇ ಇದೆ. ಪೆಶಾವರದ ಬಳಿಯ ದರ್ರಾ ಆದಂ ಖೇಲ್‌ನ ಕಮ್ಮಾರರು ಅರದಿಂದಲೇ ಉಜ್ಜಿ ಮೌಸರ್ ಪಿಸ್ತೂಲು, ವೆಬ್ಲಿ ರಿವಾಲ್ವರ್ ಎಲ್ಲವನ್ನೂ ಮಾಡಿದವರು. ಅವರ ಕೈಕೆಲಸಕ್ಕೆ ನಾನು ತಲೆಬಾಗುತ್ತೇನೆ, ಆದರೆ ಇಂಗ್ಲಿಷ್ ಅಕ್ಷರಗಳು ಅವರನ್ನು ಬಿಟ್ಟುಕೊಡುತ್ತವೆ. ಕಾಗುಣಿತ ತಪ್ಪಿರುತ್ತದೆ, ‘ಎನ್’ ಅಕ್ಷರ ತಿರುಗಿ ನಿಂತಿರುತ್ತದೆ.

ಕಾನೂನಿನ ಮಾತನ್ನು ಹೇಳದೆ ಪಾಠ ಮುಗಿಸಲಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು, ಪಿಸ್ತೂಲುಗಳ ಭಾಗಗಳೂ ಆಯುಧವೇ. ಬರೀ ಫ್ರೇಮ್ ಒಂದನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡರೂ ಅದು ಅಪರಾಧ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸಬಹುದು, ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದೇನಾದರೂ ಸಿಕ್ಕರೆ ಬಿಚ್ಚಲು, ಉಜ್ಜಲು, ಟ್ರಿಗರ್ ಎಳೆದು ನೋಡಲು ಹೋಗಬೇಡಿ. ಮುಟ್ಟದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ತುಕ್ಕು ಹಿಡಿದ ಪಿಸ್ತೂಲಿನಲ್ಲಿಯೂ ತೋಟಾ ಇರಬಹುದು.

ಅಭ್ಯಾಸಕ್ಕೆ ಮ್ಯೂಸಿಯಮ್‌ಗಳಿವೆ. ಮೈಸೂರು ಅರಮನೆಯ ಆಯುಧಶಾಲೆಯಲ್ಲಿ ಹಳೆಯ ಕತ್ತಿ, ಈಟಿಗಳಿಂದ ಹಿಡಿದು 20ನೇ ಶತಮಾನದ ಆರಂಭದ ಪಿಸ್ತೂಲುಗಳವರೆಗೆ ಇವೆ. ಅಲ್ಲಿಗೆ ಪ್ರವೇಶ ಇದೆಯೇ ಎಂದು ಮೊದಲೇ ವಿಚಾರಿಸಿ ಹೋಗಿ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಜೊತೆಗಿರಲಿ. ಫೋಟೊ ತೆಗೆಯಲು ಬಿಟ್ಟರೂ ಮೊದಲು ಕೈಯಿಂದ ಬರೆಯಿರಿ. ಎಡಬದಿಯ ಹೊರರೇಖೆ ಎಳೆಯಿರಿ. ಎಲ್ಲೆಲ್ಲಿ ಲೋಹವನ್ನು ಕೊರೆದು ತೆಗೆದಿದ್ದಾರೋ ಅಲ್ಲಲ್ಲಿ ಗೆರೆ ತುಂಬಿ. ಅಕ್ಷರ, ಅಂಕಿಗಳನ್ನು ಇದ್ದಹಾಗೆಯೇ, ತಪ್ಪಿದ್ದರೆ ತಪ್ಪಿನ ಸಮೇತ, ಇಳಿಸಿಕೊಳ್ಳಿ. ಹಿಡಿಯ ಹಲಗೆಗಳನ್ನು ಬೇರೆ ಪುಟದಲ್ಲಿ ಬರೆಯಿರಿ.

ಎಂದಾದರೂ, ಈಗ ಪ್ರಯಾಗ್‌ರಾಜ್ ಎಂದು ಕರೆಯುವ ಅಲಹಾಬಾದಿಗೆ ಹೋದರೆ ಅಲ್ಲಿನ ಮ್ಯೂಸಿಯಮ್‌ನಲ್ಲಿ ಚಂದ್ರಶೇಖರ ಆಜಾದರ ಕೋಲ್ಟ್ ಪಿಸ್ತೂಲು ಇದೆ. 1931ರ ಫೆಬ್ರುವರಿ 27ರಂದು ಆಲ್ಫ್ರೆಡ್ ಪಾರ್ಕಿನಲ್ಲಿ ಅವರ ಕೈಯಲ್ಲಿದ್ದದ್ದು. ನಿಮಗೆ ಅದೇ ಪರೀಕ್ಷೆ ಎಂದುಕೊಳ್ಳಿ. ಫಲಕದ ಮೇಲಿನ ಬರಹ ಓದುವ ಮೊದಲು ಪಿಸ್ತೂಲಿನ ಬಾಯಿ ನೋಡಿ, ಬ್ಯಾರಲಿನ ಸುತ್ತ ಪ್ರತ್ಯೇಕ ಉಂಗುರ ಇದೆಯೋ ಇಲ್ಲವೋ ಬರೆದುಕೊಳ್ಳಿ. ಆಮೇಲೆ ಫ್ರೇಮಿನ ಎಡಬದಿಗೆ ಬನ್ನಿ. ಸಂಖ್ಯೆ ಕಾಣಿಸಿದರೆ 72,000, 1,05,051, 4,68,097 ಎಂಬ ಮೂರು ಗಡಿಗಳ ನಡುವೆ ಅದು ಎಲ್ಲಿ ಬೀಳುತ್ತದೆ ನೋಡಿ. ಬಾಯಿ ಹೇಳಿದ್ದೂ ಸಂಖ್ಯೆ ಹೇಳಿದ್ದೂ ಒಂದೇ ಆದರೆ ಹಿಡಿಯ ಹಲಗೆಗಳ ಕಡೆ ಕಣ್ಣು ಹಾಯಿಸಬಹುದು.